ಜಗಲಿಯಿಂದ ಜಗಲಿಗೆ ಮದರಾಸು

ಸೈಕಲ್ ತುಳಿಯುವುದು ಒಂದು ವಿದ್ಯೆ, ಹತ್ತುವುದು ಇನ್ನೊಂದು. ಜನ ಎರಡನ್ನೂ ಒಂದೇ ಎಂದು ತಿಳಿದಿರುವುದರಿಂದಲೇ ನನ್ನಂಥವರ ಮಾನ ಉಳಿದಿದೆ. ನನಗೆ ತುಳಿಯಲು ಬರುತ್ತಿತ್ತು, ಹತ್ತಲು ಬರುತ್ತಿರಲಿಲ್ಲ. ಕಲಿತದ್ದು ಹೊಸೂರಿನ ನಮ್ಮ ಮನೆಯ ಜಗಲಿಯಿಂದ. ಸೈಕಲ್ಲನ್ನು ಜಗಲಿಯ ಪಕ್ಕಕ್ಕೆ ತಂದು, ಕುದುರೆ ಏರುವ ಮದುಮಗನ ಹಾಗೆ ಗಂಭೀರವಾಗಿ ಸೀಟಿನ ಮೇಲೆ ಕೂತು, ಜಗಲಿಯನ್ನು ಕಾಲಿನಿಂದ ಒಮ್ಮೆ ದಬ್ಬಿದರೆ ಸರಿ, ನಾನು ಪಾಠ ಹೇಳುತ್ತಿದ್ದ ಶಾಲೆಯ ಮೆಟ್ಟಿಲಿನವರೆಗೆ ನಾನೇ ರಾಜ. ಸಂಜೆ ಅದೇ ಮೆಟ್ಟಿಲಿನಿಂದ ಹತ್ತಿ ಮನೆಗೆ. ನಡುದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ನಿಲ್ಲುವ ಹಾಗಿಲ್ಲವಲ್ಲ, ಕೈಬೀಸಿ ಹೋಗಿಬಿಡುತ್ತಿದ್ದೆ. ಮೇಷ್ಟರಿಗೆ ಜಂಬ ಎಂದು ಊರೆಲ್ಲ ಹೆಸರಾಯಿತು. ಹತ್ತಲು ಬಾರದವನು ಅನ್ನಿಸಿಕೊಳ್ಳುವುದಕ್ಕಿಂತ ಅದು ವಾಸಿ ಎಂದು ಸುಮ್ಮನಿದ್ದೆ.

ಆಗ ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಕೆಮ್ಮುತ್ತ ಓಡುತ್ತಿದ್ದವು. ಏರು ಬಂದರೆ ಟಿಕೆಟ್ ಕೊಂಡವರೇ ಇಳಿದು ತಳ್ಳಬೇಕು. ಬೇಸಿಗೆ ರಜೆಯಲ್ಲಿ ಅಂಚೆ ಕಚೇರಿಯ ಶಾಮಣ್ಣ, "ಬಸ್ಸು ತಳ್ಳೋ ಬದಲು ಸೈಕಲ್ ತುಳಿಯೋಣ ಕಣ್ರೋ, ಮದರಾಸಿಗೇ ಹೋಗೋಣ" ಎಂದ. ನನ್ನ ಜೊತೆ ಮೇಷ್ಟರಾಗಿದ್ದ ಗೋಪಾಲ, ಅವನ ಭಾವಮೈದುನ ರಂಗ, ಇಬ್ಬರೂ ಕುಣಿದಾಡಿದರು. ನಾನು ಹುಟ್ಟಿದಂದಿನಿಂದ ಸಮುದ್ರ ನೋಡಿದವನಲ್ಲ. ಮಕ್ಕಳಿಗೆ ಮಾತ್ರ ವರ್ಷವರ್ಷವೂ ಅಲೆಗಳ ವರ್ಣನೆ ಮಾಡುತ್ತಿದ್ದೆ. ನನ್ನ ಗುಟ್ಟು ತಿಳಿದರೆ ಈ ಮೂವರು ನನ್ನನ್ನು ಬಿಟ್ಟು ಹೋಗುವುದು ಖಂಡಿತ. ಬಾಯಿ ಮುಚ್ಚಿಕೊಂಡು, ಶಾಲೆಯ ಮೆಟ್ಟಿಲಿನಿಂದ ಹತ್ತಿ ಹೊರಟೇಬಿಟ್ಟೆ.

ಮೊದಲ ದಿನ ಕೃಷ್ಣಗಿರಿ ಸೇರುವುದೆಂದು ತೀರ್ಮಾನವಾಗಿತ್ತು. ಸಾನಮಾವಿನ ಕಾಡಿನ ಹತ್ತಿರ ರಸ್ತೆಯ ನಡುವೆ ಆನೆಯ ಲದ್ದಿ, ಇನ್ನೂ ಹಬೆಯಾಡುತ್ತಿತ್ತು. ಮೂವರೂ ಇಳಿದರು. ಗಾಬರಿಯಲ್ಲಿ ನಾನೂ ಇಳಿದುಬಿಟ್ಟೆ. ಉಳಿದವರಿಗೆ ಆನೆಯ ಭಯ, ನನಗೆ ಸೀಟಿನ ಭಯ. "ಕಾಲು ಹಿಡಿದಿದೆ, ಸ್ವಲ್ಪ ನಡೀತೀನಿ, ನೀವು ಹೋಗ್ತಿರಿ" ಎಂದೆ. "ನಿನ್ನ ಬಿಟ್ಟು ಹೋಗೋದುಂಟೇನೋ?" ಎಂದು ಶಾಮಣ್ಣನೂ ನಡೆದ, ಉಳಿದಿಬ್ಬರೂ ನಡೆದರು. ಇಂಥ ಸ್ನೇಹಿತರು ಯಾರಿಗುಂಟು ಎಂದು ನನ್ನ ಕಣ್ಣು ತುಂಬಿತು. ಅರ್ಧ ಮೈಲಿ ತಳ್ಳಿದ ಮೇಲೆ ಒಂದು ಹಳ್ಳಿ ಸಿಕ್ಕಿತು. ಮೊದಲ ಮನೆಯ ಜಗಲಿಯ ಮೇಲೆ ಎಡಗಾಲಿಟ್ಟೆ.

ನಮ್ಮ ಕಡೆ ಜಗಲಿಯ ಮೇಲೆ ಕಾಲಿಟ್ಟವರು ಆ ಮನೆಗೆ ಬಂದವರೆಂದೇ ಅರ್ಥ. ಬಂದವರು ಬಾಯಿಗೇನೂ ಹಾಕಿಕೊಳ್ಳದೆ ಹೋಗುವ ಹಾಗಿಲ್ಲ. ಇಲ್ಲೇ ಹುಟ್ಟಿ ಬೆಳೆದವನಿಗೆ ಇದು ಗೊತ್ತಿರಬೇಕಿತ್ತು. ಬಲಗಾಲು ಎತ್ತುವುದರೊಳಗೆ ಮನೆಯ ಯಜಮಾನ ಹೊರಗೆ ಬಂದ.

"ಇದೇನ್ ಸಾಮಿ, ಜಗಲಿ ಹತ್ತಿ ಹಂಗೇ ಹೋಗ್ಬುಡ್ತೀರಾ? ಬನ್ನಿ ಒಳಕ್ಕೆ. ಮುದ್ದೆ ಇಳಿಸವ್ರೆ."

ನಾಲ್ವರೂ ಉಂಡೆವು. ಹೊರಟಾಗ ಅವನ ಜಗಲಿಯಿಂದಲೇ ಹತ್ತಿದೆ. ಎರಡು ಮೈಲಿಯಾಚೆ ರಂಗನ ಟ್ಯೂಬಿಗೆ ಮುಳ್ಳು ಚುಚ್ಚಿತು. ಮತ್ತೆ ಇಳಿದೆ, ಮತ್ತೆ ಜಗಲಿ, ಅಲ್ಲಿ ಮಜ್ಜಿಗೆ, ಬೇಯಿಸಿದ ಅವರೆಕಾಳು. ಆಮೇಲೆ ಒಂದು ತೆಲುಗು ಮನೆ, ಒಂದು ತಮಿಳು ಮನೆ. ಸಾಕು ಎಂದು ಮೂರು ಭಾಷೆಯಲ್ಲಿ ಹೇಳಿದರೂ ಯಾರಿಗೂ ಅರ್ಥವಾಗಲಿಲ್ಲ. ಪೇಟೆಯಲ್ಲಿ ಅಕ್ಕಿಗೆ ಸಾಲು ನಿಲ್ಲುತ್ತಿದ್ದ ದಿನಗಳವು. ಆ ಜನ ತಮ್ಮ ಪಾಲಿನದನ್ನೇ ನಮಗೆ ಬಡಿಸುತ್ತಿದ್ದರು ಎಂಬುದು ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ನನಗೆ ತೋಚಿದ್ದೇ ಬೇರೆ. ನನ್ನ ಮುಖದಲ್ಲಿ ಏನೋ ಕಳೆಯಿದೆ, ಅದನ್ನು ಕಂಡೇ ಜನ ಕರೆಯುತ್ತಿದ್ದಾರೆ ಎಂದುಕೊಂಡು ಎರಡು ಸಲ ಮೀಸೆ ತಿರುವಿದೆ.

ಶೂಲಗಿರಿ ದಾಟಿದ ಮೇಲೆ ಒಂದು ಜಗಲಿಯ ಮೇಲೆ ಅಜ್ಜಿಯೊಬ್ಬಳು ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ನಾನು ಕಾಲಿಟ್ಟ ರೀತಿ, ಹ್ಯಾಂಡಲ್ ಹಿಡಿದ ರೀತಿ ಎಲ್ಲ ನೋಡಿದವಳೇ ಮೂರು ಮನೆಗೆ ಕೇಳುವ ಹಾಗೆ, "ಅಯ್ಯೋ ನನ್ನಪ್ಪ, ನಿಂಗೆ ಹತ್ತಾಕೇ ಬರಲ್ವಾ?" ಎಂದಳು.

ಮದರಾಸಿನ ಸಮುದ್ರ ಅಲ್ಲೇ ಬತ್ತಿಹೋಯಿತು. ತಲೆ ತಗ್ಗಿಸಿ ಹೌದೆಂದೆ. "ಅದ್ಕ್ಯಾಕ್ ಮೊಕ ಸಣ್ಣ ಮಾಡ್ಕೋತೀಯಾ? ಮುನಿಯಾ, ಬಾರ್ಲಾ ಇಲ್ಲಿ!" ಎಂದು ಮಗನನ್ನು ಕೂಗಿದಳು. ಸಂತೆಗೆ ಸೈಕಲ್ಲಿನಲ್ಲೇ ಹೋಗಿಬರುವ ಮುನಿಯ, ಎಡಗಾಲನ್ನು ಪೆಡಲಿನ ಮೇಲಿಟ್ಟು ಬಲಗಾಲಿನಲ್ಲಿ ಕುಪ್ಪಳಿಸುವುದನ್ನು ತೋರಿಸಿಕೊಟ್ಟ. ನಾಲ್ಕು ಸಲ ಬಿದ್ದೆ, ಐದನೆಯ ಸಲ ಹತ್ತಿದೆ! ಬೀದಿಯಲ್ಲಿ ಒಂದು ಸುತ್ತು ಹಾಕಿ ಹೆಮ್ಮೆಯಿಂದ ಸ್ನೇಹಿತರ ಕಡೆ ನೋಡಿದರೆ, ಮೂವರ ಮುಖವೂ ಜೋತುಬಿದ್ದಿತ್ತು.

"ಯಾಕ್ರೋ?"

"ಇನ್ನು ರಾತ್ರಿ ಊಟಕ್ಕೇನು ಗತಿ?" ಎಂದ ಶಾಮಣ್ಣ. "ನಿಂಗೆ ಹತ್ತೋಕೆ ಬರಲ್ಲ ಅಂತ ಹೊಸೂರಲ್ಲೇ ಗೊತ್ತಿತ್ತು ಕಣೋ. ಜಗಲಿ ಜಗಲಿಗೂ ಇಳೀತಾನೆ, ಕರೆದವರು ನಮಗೂ ಹಾಕ್ತಾರೆ ಅಂತ ನಾವು ಬುತ್ತಿನೇ ಕಟ್ಟಿಸಿಲ್ಲ."

ಸಿಟ್ಟು ಬಂತು. ಆದರೆ ಬಿಟ್ಟು ಹೋಗುವುದಿಲ್ಲವೆಂದು ಖಾತ್ರಿಯಾದ್ದರಿಂದ ನುಂಗಿಕೊಂಡೆ. ಅಲ್ಲಿಂದಾಚೆ ನಾಲ್ವರೂ ಎಲ್ಲೂ ನಿಲ್ಲದೆ ಹೋದೆವು. ಓಡುವ ಸೈಕಲ್ಲನ್ನು ಯಾರು ತಾನೆ ಊಟಕ್ಕೆ ಕರೆಯುತ್ತಾರೆ? ಕೃಷ್ಣಗಿರಿಗೆ ಇನ್ನು ಎರಡು ಮೈಲಿ ಇರುವಾಗ ಹೊಟ್ಟೆ ಚುರುಗುಟ್ಟಿತು. ರಸ್ತೆ ಪಕ್ಕದ ಮನೆಯಿಂದ ಹುರುಳಿ ಸಾರಿನ ಘಮ. ಮೂವರೂ ನನ್ನ ಮುಖ ನೋಡಿದರು. ನಾನು ಇಳಿದೆ. ಜಗಲಿಯ ಮೇಲೆ ಕಾಲಿಟ್ಟು, ಸೈಕಲ್ಲನ್ನು ಒಂದೆರಡು ಸಲ ಓಲಾಡಿಸಿ, ಇಲ್ಲದ ಒದ್ದಾಟವನ್ನೆಲ್ಲ ತೋರಿಸಿದೆ. ಯಜಮಾನ ಓಡಿ ಬಂದ.

"ಹತ್ತಾಕೆ ಬರಲ್ವಾ ಸಾಮಿ?"

"ಇಲ್ಲಪ್ಪ" ಎಂದೆ, ಆದಷ್ಟು ದೀನನಾಗಿ.

"ಅಯ್ಯೋ ಪಾಪ, ಅಷ್ಟೇ ತಾನೆ?" ಎಂದವನೇ ನನ್ನನ್ನು ಎತ್ತಿ ಸೀಟಿನ ಮೇಲೆ ಕೂರಿಸಿ, ಹಿಂದಿನಿಂದ ಹಿಡಿದುಕೊಂಡು, ಏದುಸಿರು ಬಿಡುತ್ತ ನೂರು ಗಜ ಓಡಿ ಬಂದು ನೂಕಿಬಿಟ್ಟ. "ಎಲ್ಲೂ ಇಳೀಬ್ಯಾಡ ಸಾಮಿ, ಊರು ಸೇರೋಗಂಟ ತುಳೀತಾನೇ ಇರು!" ಎಂದು ಕೂಗಿದ.

ಇಷ್ಟು ಒಳ್ಳೆಯವನಿಗೆ ಹಸಿವೆ ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹಿಂದಿನಿಂದ ಮೂವರೂ ಬೈಯುತ್ತ ಬರುತ್ತಿದ್ದರು. ಅವನು ರಸ್ತೆಯಲ್ಲೇ ನಿಂತು ನೋಡುತ್ತಿದ್ದುದರಿಂದ ಇಳಿಯಲು ಮುಖವಿಲ್ಲದೆ ಕೃಷ್ಣಗಿರಿಯವರೆಗೂ ತುಳಿದೆ.