ಹುಳಿಗೆ ಜಗ್ಗದ ಮುತ್ತು

ಯಾರಾದರೂ ಒಂದು ವಸ್ತುವನ್ನು ಹೊಗಳಲು ಶುರುಮಾಡಿದರೆ ನನಗೆ ಮೊದಲು ಆ ವಸ್ತುವಿನ ಮೇಲೆ, ಆಮೇಲೆ ಹೊಗಳುವವರ ಮೇಲೆ ಅನುಮಾನ ಬರುತ್ತದೆ. ಇದು ಹುಟ್ಟುಗುಣವೋ ರಸಾಯನಶಾಸ್ತ್ರ ಓದಿದ್ದರ ಫಲವೋ ತಿಳಿಯದು. ಸೀಸೆಯ ಮೇಲಿನ ಚೀಟಿಯನ್ನು ನಂಬಬೇಡ, ಒಳಗಿರುವುದನ್ನು ಪರೀಕ್ಷಿಸು ಎಂದು ಪ್ರಯೋಗಾಲಯದಲ್ಲಿ ಕಲಿಸಿದರು. ಆ ಪಾಠವನ್ನು ಅಲ್ಲಿಯೇ ಏಪ್ರನ್ ಜೊತೆ ಕಳಚಿಟ್ಟು ಬರಬೇಕಿತ್ತು, ಬರಲಿಲ್ಲ. ಹಣ್ಣಿನವನು ‘ಅಗದಿ ಸಕ್ರಿ ಐತ್ರಿ’ ಎಂದರೆ ನಾನು ಕೈಯಲ್ಲಿದ್ದ ಹಣ್ಣು ಕೆಳಗಿಡುತ್ತೇನೆ. ನನ್ನನ್ನು ನೋಡಲು ಬಂದಿದ್ದ ಒಬ್ಬ ವರನ ಬಗ್ಗೆ ಮಧ್ಯಸ್ಥರು ‘ಹುಡುಗ ಅಪ್ಪಟ ಬಂಗಾರ’ ಎಂದಾಗ, ಎಷ್ಟು ಕ್ಯಾರಟ್ಟು ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ. ನಾನು ಹೆಚ್ಚಾಗಿ ಮನಸ್ಸಿನಲ್ಲಿಯೇ ಮಾತಾಡುವವಳು. ಬಾಯಿಂದ ಮಾತಾಡುವ ಕೆಲಸವನ್ನು ನಮ್ಮ ಮನೆಯಲ್ಲಿ ಅವ್ವ ವಹಿಸಿಕೊಂಡಿದ್ದಾಳೆ.

ಕುಂದಗೋಳದ ಕಾಲೇಜಿನಲ್ಲಿ ಪಾಠ ಮುಗಿಸಿ ಟೆಂಪೋ ಹತ್ತಿ ಕುಬಿಹಾಳಕ್ಕೆ ಬರುವ ಹೊತ್ತಿಗೆ ಅವ್ವ ಮತ್ತು ಬಾಜೂ ಮನೆಯ ಶಮಶಾದ ಚಾಚಿ ಟಿವಿಯ ಮುಂದೆ ಒಣಮೆಣಸಿನಕಾಯಿಯ ರಾಶಿ ಹಾಕಿಕೊಂಡು ತೊಟ್ಟು ಬಿಡಿಸುತ್ತ ಕುಳಿತಿರುತ್ತಾರೆ. ಒಂದು ಕಾಲಕ್ಕೆ ಆ ಹೊತ್ತಿನಲ್ಲಿ ಧಾರಾವಾಹಿ ನಡೆಯುತ್ತಿತ್ತು. ಈಗ ಅತ್ತೆ ಸೊಸೆಯರ ಜಗಳದ ಜಾಗವನ್ನು ಆಭರಣದ ಹರಾಜು ಆಕ್ರಮಿಸಿದೆ. ಇದು ಬೆಲೆ ಏರುವ ಹರಾಜಲ್ಲ, ಇಳಿಯುವ ಹರಾಜು. ಪರದೆಯ ಮೂಲೆಯಲ್ಲಿ ಒಂದು ದೊಡ್ಡ ಬೆಲೆ ಬಂದು ನಿಲ್ಲುತ್ತದೆ, ಆಮೇಲೆ ಮೆಟ್ಟಿಲಿಳಿದಂತೆ ಕೆಳಗಿಳಿಯುತ್ತದೆ. ಅದರ ಪಕ್ಕದಲ್ಲಿ ಉಳಿದ ಸರಗಳ ಲೆಕ್ಕವೂ ಇಳಿಯುತ್ತದೆ. ಮಾರುವ ಹುಡುಗಿ ಒಂದೊಂದು ಸರ ಹೋದಾಗಲೂ ಮೇಜಿನ ಮೇಲಿನ ಹಿತ್ತಾಳೆ ಗಂಟೆ ಬಾರಿಸುತ್ತಾಳೆ. ಗಂಟೆಯ ಸದ್ದಾದಾಗೆಲ್ಲ ಚಾಚಿ ಮೆಣಸಿನಕಾಯಿ ಕೈಯಲ್ಲಿ ಹಿಡಿದೇ ‘ಹೋತು ನೋಡ, ಯಾರೋ ಪುಣ್ಯಾತಗಿತ್ತಿ ಒಯ್ದಳು’ ಎಂದು ನಿಟ್ಟುಸಿರು ಬಿಡುತ್ತಾಳೆ.

ಆ ಹುಡುಗಿಯ ಮಾತುಗಾರಿಕೆಯನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ಚಹಾ ಹಿಡಿದು ನಿಂತು, ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದ ಹಾಗೆ ಕೇಳುತ್ತಿದ್ದೆ. ‘ವಜ್ರದಂತಹ ಹೊಳಪು’ ಎನ್ನುತ್ತಾಳೆ, ಅಂದರೆ ಅದು ವಜ್ರವಲ್ಲ. ನಮ್ಮ ಸಂತೆಯಲ್ಲಿ ಯಾರೂ ಬದನೆಕಾಯಿಯಂತಹ ಬದನೆಕಾಯಿ ಎಂದು ಕೂಗುವುದಿಲ್ಲ. ‘ರಾಣಿಯರು ಧರಿಸುತ್ತಿದ್ದ ವಿನ್ಯಾಸ’ ಎನ್ನುತ್ತಾಳೆ, ಯಾವ ಊರಿನ ರಾಣಿ ಎಂದು ಹೇಳುವುದಿಲ್ಲ. ಎಲ್ಲಕ್ಕಿಂತ ನನ್ನನ್ನು ಕೆರಳಿಸುತ್ತಿದ್ದದ್ದು ಅವಳ ಕೊನೆಯ ಮಾತು: ‘ಇಂಥದ್ದು ಮತ್ತೆ ಸಿಗುವುದಿಲ್ಲ ಅಮ್ಮಂದಿರೇ, ಇದೊಂದೇ ಉಳಿದಿದೆ.’ ಮರುದಿನ ಅದೇ ಸರ, ಅದೇ ಹುಡುಗಿ, ಮತ್ತೆ ಅದೊಂದೇ ಉಳಿದಿರುತ್ತಿತ್ತು. ‘ನಿನ್ನೆನೂ ಹಿಂಗ ಅಂದಿದ್ಲಲ್ಲವ್ವಾ’ ಎಂದು ನಾನು ತೋರಿಸಿಕೊಟ್ಟೆ. ಅವ್ವ ತಲೆ ಎತ್ತದೆ, ‘ಮಾರಾಕಿ ಮತ್ತೇನಂತಾಳಬೇ? ಬೇಕಾದಷ್ಟು ಅದಾವ, ಸಾವಕಾಶ ಬರ್ರಿ ಅಂತಾಳೇನು?’ ಎಂದಳು.

ನನಗೆ ಗಾಬರಿ ಹುಟ್ಟಿದ್ದು ಅವ್ವ ಒಂದು ಮುತ್ತಿನ ಸರದ ಬಗ್ಗೆ ಮೂರು ಸಲ ವಿಚಾರಿಸಿದಾಗ. ಪುಟ್ಟ ಬಿಳಿ ಮುತ್ತುಗಳ ಎರಡು ಎಳೆ, ನಡುವೆ ಹಸಿರು ಕಲ್ಲಿನ ಪದಕ. ಯರಗುಪ್ಪಿಯಲ್ಲಿ ಚಿಗವ್ವನ ಮಗಳು ಸವಿತಾಳ ಮದುವೆ ಹತ್ತಿರ ಬಂದಿತ್ತು. ನಾನು ಕಲ್ಲು ಬರೀ ಗಾಜು, ಮುತ್ತು ಬರೀ ಪ್ಲಾಸ್ಟಿಕ್ಕು ಎಂದು ಉಪನ್ಯಾಸಕ್ಕೆ ಹೊರಟೆ. ‘ಅಷ್ಟಕ್ಕೂ ನಿನಗ ಬೋರಮಾಳ ಐತೆಲ್ಲವ್ವಾ, ಇದ್ಯಾಕ?’ ಎಂದೂ ಕೇಳಿದೆ.

ಬೋರಮಾಳವೆಂದರೆ ಬೋರೆಹಣ್ಣಿನ ಗಾತ್ರದ ಬಂಗಾರದ ಗುಂಡುಗಳ ಸರ. ನಮ್ಮದು ಅಜ್ಜಿಯಿಂದ ಅವ್ವನಿಗೆ ಬಂದದ್ದು. ಆದರೆ ನಮ್ಮ ಬಳಗದಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿದೆ. ಯಾವ ಹುಡುಗಿಯ ಮದುವೆಯಾದರೂ ಅಕ್ಷತೆಯ ಹೊತ್ತಿಗೆ ಅವಳ ಕೊರಳಲ್ಲಿ ಆ ಬೋರಮಾಳ ಇರಲೇಬೇಕು. ಕೇಳಿದವರಿಗೆ ಅವ್ವ ಇಲ್ಲವೆನ್ನುವುದಿಲ್ಲ. ಮದುವೆ ಮುಗಿದ ಮೇಲೆ ಅದು ಅರಿಷಿಣ ಮೆತ್ತಿಕೊಂಡು ಮನೆಗೆ ಮರಳುತ್ತದೆ. ನಮ್ಮ ಬಳಗದ ಎಲ್ಲ ಮದುವೆಯ ಫೋಟೋಗಳಲ್ಲೂ ಆ ಸರವಿದೆ, ಅವ್ವನ ಕೊರಳಲ್ಲಿ ಮಾತ್ರ ಒಂದು ಫೋಟೋದಲ್ಲೂ ಇಲ್ಲ. ಇದನ್ನು ನಾನು ಅಷ್ಟು ಫೋಟೋ ನೋಡಿಯೂ ಗಮನಿಸಿರಲಿಲ್ಲ.

‘ಬೋರಮಾಳ ಸವಿತಾನ ಕೊಳ್ಳಾಗ ಇರ್ತೈತಿ,’ ಎಂದಳು ಅವ್ವ. ‘ನಾ ಬರೇ ಕರಿಮಣಿ ಮ್ಯಾಲ ಕುಂದ್ರೂದು. ಅದರ ಬಗ್ಗೆ ಏನಿಲ್ಲ ಬಿಡು. ಆದ್ರ ಮೈಮ್ಯಾಲಿಂದು ಒಂದೂ ನಾ ಆರಿಸಿದ್ದಲ್ಲಬೇ. ಕೈಯಾಗಿನ ಪಾಟ್ಲಿ ನಮ್ಮಪ್ಪ ಆರಿಸಿದ್ದು, ಬೋರಮಾಳ ನಮ್ಮತ್ತಿದು. ಇದು ನೋಡಿದ ಕೂಡ್ಲೇ ನನಗ ಛಲೋ ಅನಿಸೇತಿ. ಅಷ್ಟ.’

ಉಪನ್ಯಾಸಕ್ಕೆ ಅಲ್ಲಿಗೆ ಗಂಟೆ ಹೊಡೆಯಿತು.

ಆದರೆ ಅವ್ವ ಕೊಳ್ಳುವ ರೀತಿಯೇ ಬೇರೆ. ಸಂತೆಯಲ್ಲಿ ಅವಳ ಕ್ರಮ ಹೀಗೆ: ಬೆಲೆ ಕೇಳಿ ಒಮ್ಮೆ ನಗುವುದು, ಸಾಮಾನು ಕೆಳಗಿಟ್ಟು ‘ಬ್ಯಾಡ ಬಿಡ್ರಿ’ ಎಂದು ನಡೆದುಬಿಡುವುದು. ಕರೆಯದಿದ್ದರೆ ಸ್ವಲ್ಪ ದೂರದಲ್ಲಿ ನಿಂತು ಸೆರಗು ಸರಿಮಾಡಿಕೊಳ್ಳುತ್ತಾಳೆ. ಅದು ವ್ಯಾಪಾರಿಗೆ ಅವಳು ಕೊಡುವ ಎರಡನೇ ಅವಕಾಶ. ಈ ಕ್ರಮವನ್ನು ಅವಳು ಟಿವಿಯ ಹರಾಜಿಗೂ ಅನ್ವಯಿಸಿದಳು. ಫೋನು ಹಚ್ಚಿದಾಗ ಆ ಕಡೆಯಿಂದ ‘ನಮಸ್ತೆ ಮೇಡಂ, ನಾನು ನಿಮಗೆ ಹೇಗೆ ಸಹಾಯ ಮಾಡಲಿ?’ ಎಂದು ಇನಿದನಿ ಬಂತು.

‘ಸಹಾಯ ಏನೂ ಬ್ಯಾಡವ್ವ. ಮುತ್ತಿನ ಸರದ ರೇಟ್ ಹೇಳು.’

‘ಮೇಡಂ, ಪರದೆಯ ಮೇಲೆ ಬರುತ್ತಿದೆಯಲ್ಲ...’

‘ಪರದೆ ಮ್ಯಾಲಿಂದು ನಮಗೂ ಕಾಣ್ತೈತಿ. ಕೊಡೂ ರೇಟ್ ಹೇಳು.’

ಚಾಚಿ ಪಕ್ಕದಿಂದ, ‘ಅರ್ಧಾ ಕೇಳ ರತ್ನಕ್ಕಾ, ಅರ್ಧಾ!’ ಎಂದು ಪಿಸುಗುಟ್ಟಿದಳು. ಅವ್ವ ಅರ್ಧ ಕೇಳಿದಳು. ಆ ಹುಡುಗಿ ಬೆಲೆ ನಿಗದಿಯಾಗಿದೆ, ಬದಲಿಸಲು ಬರುವುದಿಲ್ಲ ಎಂದು ಕಂಠಪಾಠ ಒಪ್ಪಿಸಿದಳು. ‘ಹಂಗಾದ್ರ ಬ್ಯಾಡ ಬಿಡವ್ವ’ ಎಂದು ಅವ್ವ ಫೋನು ಇಟ್ಟು, ಟಿವಿ ಆರಿಸಿ, ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತಳು. ಫೋನು ಮಡಿಲಲ್ಲಿತ್ತು. ಸೆರಗು ಸರಿಮಾಡಿಕೊಂಡಳು.

‘ಅವ್ವಾ, ಅದು ಸಂತಿ ಅಲ್ಲ. ಕಂಪನಿ. ಅವರು ಹೊಳ್ಳಿ ಕರಿಯೂದಿಲ್ಲ’ ಎಂದೆ. ದೇಶದ ಮೂಲೆಮೂಲೆಯಿಂದ ಜನ ಫೋನು ಮಾಡುವಾಗ ಕುಬಿಹಾಳದ ಒಬ್ಬ ಹೆಣ್ಣುಮಗಳು ಮುನಿಸಿಕೊಂಡದ್ದು ಅವರಿಗೆ ತಿಳಿಯುವುದೂ ಇಲ್ಲ ಎಂದು ವಿವರಿಸತೊಡಗಿದೆ. ವಿವರಣೆ ಮುಗಿಯುವ ಮೊದಲೇ ಫೋನು ರಿಂಗಣಿಸಿತು. ಮೇಡಂ, ಕರೆ ಕಡಿತವಾಯಿತು, ನಿಮಗಾಗಿ ಇವತ್ತು ವಿಶೇಷ ರಿಯಾಯಿತಿ ಇದೆ ಎಂದಿತು ಅದೇ ಇನಿದನಿ. ಅವ್ವ ನನ್ನ ಕಡೆ ನೋಡಿದ ನೋಟವನ್ನು ನಾನಿಲ್ಲಿ ವರ್ಣಿಸುವುದಿಲ್ಲ.

‘ಆ ರಿಯಾಯಿತಿ ಎಲ್ಲಾರಿಗೂ ಕೊಡ್ತಾರವ್ವಾ’ ಎಂದು ಗೊಣಗಿದೆ.

‘ಸಂತ್ಯಾಗೂ ಎಲ್ಲಾರಿಗೂ ಕೊಡ್ತಾರ,’ ಎಂದಳು ಅವ್ವ. ‘ಆದ್ರ ಎದ್ದು ಹೋದಾವರಿಗೆ ಅಷ್ಟ.’

ಪಾರ್ಸೆಲ್ಲು ನಮ್ಮೂರಿನ ತನಕ ಬರುವುದಿಲ್ಲ, ಕುಂದಗೋಳದಲ್ಲಿ ನಾನೇ ಇಸಿದುಕೊಳ್ಳಬೇಕಾಯಿತು. ನನ್ನ ಖಾಸಗಿ ವಿಷಯಗಳನ್ನು ಖಾಸಗಿಯಾಗಿಯೇ ಇಟ್ಟುಕೊಳ್ಳಬಯಸುವ ನನಗೆ ಆ ಡಬ್ಬಿ ಒಂದು ಶಿಕ್ಷೆ. ಮೈತುಂಬ ಕೆಂಪು ಅಕ್ಷರದಲ್ಲಿ ಚಾನೆಲ್ಲಿನ ಹೆಸರು, ಮೇಲೊಂದು ನಗುವ ಹೆಣ್ಣಿನ ಚಿತ್ರ. ದುಪಟ್ಟಾದಲ್ಲಿ ಸುತ್ತಿ, ಪುಸ್ತಕ ಅಡ್ಡ ಹಿಡಿದು ಟೆಂಪೋದ ಮೂಲೆಯಲ್ಲಿ ಕುಳಿತೆ. ಎದುರಿಗಿದ್ದ ಅಜ್ಜಿ ಸ್ವಲ್ಪ ಹೊತ್ತು ನೋಡಿ, ‘ರತ್ನವ್ವನ ಸರ ಬಂತೇನ್ ಟೀಚರ್?’ ಎಂದಳು. ಚಾಚಿಗೆ ಗೊತ್ತಾದ ವಿಷಯ ಕುಬಿಹಾಳದಲ್ಲಿ ಗುಟ್ಟಾಗಿ ಉಳಿಯುತ್ತದೆಂದು ನಂಬಿದ್ದು ನನ್ನ ತಪ್ಪು.

ಟಿವಿಯಲ್ಲಿ ಎಮ್ಮೆಯ ಕೊರಳಿಗೂ ಆಗುವಂತೆ ಕಾಣುತ್ತಿದ್ದ ಸರ ಡಬ್ಬಿಯಲ್ಲಿ ಶೇಂಗಾ ಬಳ್ಳಿಯ ಬೇರಿನಷ್ಟಿತ್ತು. ಅವ್ವ ಅದನ್ನು ಅಂಗೈಮೇಲೆ ಹರಡಿ ನೋಡಿದಳು. ಆಮೇಲೆ ಕನ್ನಡಿಯ ಮುಂದೆ ಹೋಗಿ ಹಾಕಿಕೊಂಡು, ಕತ್ತು ಆ ಕಡೆ ಈ ಕಡೆ ಹೊರಳಿಸಿ ನೋಡಿಕೊಂಡಳು. ಅವಳು ಹಾಗೆ ಕನ್ನಡಿ ನೋಡಿಕೊಂಡದ್ದನ್ನು ನಾನು ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಅದು ಒಪ್ಪುತ್ತಿತ್ತು.

ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಸೀಸೆಯ ಚೀಟಿ ನಂಬದ ಗುಣ ಎಲ್ಲಿ ಹೋಗಬೇಕು? ಅವ್ವ ಹಿತ್ತಲಿಗೆ ಹೋದಾಗ ಬಟ್ಟಲಲ್ಲಿ ಲಿಂಬೆಹುಳಿ ಹಿಂಡಿ, ಹಿಂದಿನ ಕೊಂಡಿಯ ಹತ್ತಿರದ ಒಂದು ಪುಟ್ಟ ಮುತ್ತನ್ನು ಅದರಲ್ಲಿ ಮುಳುಗಿಸಿ ಹಿಡಿದೆ. ನಿಜವಾದ ಮುತ್ತು ಸುಣ್ಣದ ಜಾತಿಯದು. ಹುಳಿಯಲ್ಲಿ ಇಟ್ಟರೆ ಸಣ್ಣ ಗುಳ್ಳೆ ಬಿಟ್ಟು ಸವೆಯುತ್ತದೆ, ಹೊಳಪು ಕಳೆದುಕೊಳ್ಳುತ್ತದೆ. ನಮ್ಮ ಮುತ್ತು ಒಂದೂ ಗುಳ್ಳೆ ಬಿಡಲಿಲ್ಲ. ಎಷ್ಟು ಹೊತ್ತಾದರೂ ಹಾಗೇ ಹೊಳೆಯುತ್ತ ಕುಳಿತಿತ್ತು, ಅಪ್ಪಟ ಪ್ಲಾಸ್ಟಿಕ್ಕಿನ ಧೈರ್ಯದಿಂದ. ಒರೆಸಿ ಡಬ್ಬಿಯಲ್ಲಿಟ್ಟೆ. ಅವ್ವನಿಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

ಯರಗುಪ್ಪಿಯ ಮದುವೆಯಲ್ಲಿ ಸವಿತಾಳ ಕೊರಳಲ್ಲಿ ಬೋರಮಾಳ, ಅವ್ವನ ಕೊರಳಲ್ಲಿ ಮುತ್ತಿನ ಸರ. ಹೆಂಗಸರ ಜಮಖಾನೆಯ ಮೇಲೆ ಅವ್ವ ಎಂದಿಗಿಂತ ನೆಟ್ಟಗೆ ಕುಳಿತಿದ್ದಳು. ಎಲ್ಲ ಸರಿಯಾಗಿತ್ತು, ದೇವಿಕೊಪ್ಪದ ಅತ್ತೆ ಬಂದು ಎದುರಿಗೆ ಕೂರುವವರೆಗೆ. ಇವರು ಅಪ್ಪನ ಅಕ್ಕ. ಮೂಗಿನಲ್ಲಿ ಅವರ ಅತ್ತೆಯ ಕಾಲದ ಮುತ್ತಿನ ನತ್ತು, ಬಾಯಲ್ಲಿ ಯಾರ ಕಾಲದ್ದೂ ಅಲ್ಲದ ಹರಿತ.

‘ಏ ರತ್ನವ್ವಾ, ಕೊಳ್ಳಾಗಿಂದು ಹೊಸಾದೇನ? ಇದು ಆ ಟಿವ್ಯಾಗ ಗಂಟಿ ಬಡದು ಮಾರ್ತಾರಲ್ಲ, ಅದ ಹೌದಲ್ಲೋ?’ ಎಂದರು, ಜಮಖಾನೆಯ ಆ ತುದಿಗೂ ಕೇಳುವಂತೆ. ‘ಇದ್ದ ಬಂಗಾರ ಮಂದಿಗಿ ಕೊಟ್ಟು, ತಾ ಪ್ಲಾಸ್ಟಿಕ್ ಹಾಕ್ಕೊಂಡು ಕುಂತಾಳ!’

ಯಾರೋ ನಕ್ಕರು. ಅವ್ವನ ಕೈ ನಿಧಾನವಾಗಿ ಮೇಲೆ ಹೋಗಿ ಸೆರಗನ್ನು ಸರದ ಮೇಲೆ ಎಳೆದುಕೊಂಡಿತು. ಬಾಯಿಂದ ಮಾತಾಡುವ ಕೆಲಸ ವಹಿಸಿಕೊಂಡವಳು ಒಂದೂ ಮಾತಾಡಲಿಲ್ಲ. ಮದುವೆಮನೆಗಳಲ್ಲಿ ‘ಆರಾಮ್ರಿ’ ಎಂಬುದರಾಚೆ ಮಾತಾಡದ ನನ್ನ ಬಾಯಿ ತಾನಾಗಿಯೇ ತೆರೆಯಿತು.

‘ಹೌದ್ರಿ ಅತ್ತಿ, ಟಿವಿದ,’ ಎಂದೆ. ‘ಆದ್ರ ನಾ ಸುಮ್ನ ಹಾಕ್ಕೊಳಾಕ ಬಿಟ್ಟಿಲ್ರಿ. ಕಾಲೇಜ್ನ್ಯಾಗ ಇದನ್ನ ಕಲಸಾಕಿ ನಾನು. ಲಿಂಬಿಹುಳ್ಯಾಗ ಮುಳುಗಿಸಿ ನೋಡೀನ್ರಿ. ಮುತ್ತು ಜರಾನೂ ಜಗ್ಗಲಿಲ್ಲ. ಒಂದ್ ಗುಳ್ಳಿ ಏಳಲಿಲ್ಲ, ಬಣ್ಣ ಬಿಡಲಿಲ್ಲ.’

ಪ್ರತಿಯೊಂದು ಮಾತೂ ನಿಜ. ಯಾವ ಪ್ರಯೋಗಾಲಯದಲ್ಲಿ ಬೇಕಾದರೂ ಸಾಬೀತು ಮಾಡಿ ತೋರಿಸುತ್ತೇನೆ.

‘ಹುಳ್ಯಾಗ ಹಾಕಿದ್ರೂ ಏನೂ ಆಗಲಿಲ್ಲಾ?’ ಎಂದಳು ಪಕ್ಕದವಳು. ‘ಎಮ್ಮೆಸ್ಸಿ ಕಲಿತಾಳ, ಸುಳ್ಳ ಹೇಳ್ತಾಳೇನು?’ ಎಂದಳು ಮತ್ತೊಬ್ಬಳು. ಹೆಂಗಸರು ಸುತ್ತ ಸರಿದು ಬಂದರು. ಅವ್ವನ ಸೆರಗು ಇಷ್ಟಿಷ್ಟೇ ಹಿಂದೆ ಸರಿಯಿತು. ಇಬ್ಬರು ಫೋನ್ ನಂಬರು ಕೇಳಿದರು. ಮಾತಿಗಿರುವ ಈ ಬಲ ನನಗೆ ಹೊಸದು. ಸ್ವಲ್ಪ ಹಿತವಾಗಿಯೂ ಇತ್ತೆಂದು ಒಪ್ಪಿಕೊಳ್ಳಬೇಕು.

ಅತ್ತೆ ಮಾತ್ರ ಯೋಚನೆಯಲ್ಲಿ ಬಿದ್ದಿದ್ದರು. ಆಮೇಲೆ ನತ್ತು ಮುಟ್ಟಿಕೊಂಡು, ‘ಹಂಗಾದ್ರ ಇದನ್ನೂ ಒಮ್ಮಿ ನೋಡೇ ಬಿಡೂಣು. ಏ ತಂಗೀ, ಅಡಗಿ ಮಾಡಾವರ ಕಡಿಂದ ಒಂದ್ ಲಿಂಬಿಹಣ್ಣು ತೊಗೊಂಬಾ’ ಎಂದವರೇ ನತ್ತು ಬಿಚ್ಚಲು ಕೈ ಹಾಕಿದರು.

ಅವರದು ನಿಜವಾದ ಮುತ್ತು. ತಲೆಮಾರು ದಾಟಿ ಬಂದದ್ದು ನನ್ನ ಕಣ್ಣೆದುರಿಗೇ ಗುಳ್ಳೆ ಬಿಟ್ಟು ಮಂಕಾಗುತ್ತದೆ. ಬೇಡವೆಂದರೆ ಏಕೆಂದು ಹೇಳಬೇಕು. ಏಕೆಂದು ಹೇಳಿದರೆ ಅವ್ವನ ಸರದ ಕತೆ ಜಮಖಾನೆಯ ಮೇಲೆಯೇ ಮುಗಿಯುತ್ತದೆ. ಲಿಂಬೆಹಣ್ಣು ಬಂತು. ಯಾರೋ ಎರಡು ಹೋಳು ಮಾಡಿಯೂ ಕೊಟ್ಟರು. ನಾನು ಅತ್ತೆಯ ಕೈ ಹಿಡಿದುಕೊಂಡೆ.

‘ಬ್ಯಾಡ್ರಿ ಅತ್ತಿ,’ ಎಂದೆ. ಮುಂದಿನ ಮಾತು ಎಲ್ಲಿಂದ ಬಂತೋ ಆಗ ತಿಳಿಯಲಿಲ್ಲ. ‘ಅಂಥಾದ್ದನ್ನ ಯಾರರೆ ಪರೀಕ್ಷಾ ಮಾಡ್ತಾರೇನ್ರಿ? ಇಂಥಾ ಮುತ್ತು ಮತ್ತ ಸಿಗೂದಿಲ್ಲ. ಇದೊಂದ ಉಳದೈತಿ.’

ಅತ್ತೆಯ ಮುಖ ಅರಳಿತು. ನತ್ತನ್ನು ಮತ್ತೆ ಭದ್ರಪಡಿಸಿಕೊಂಡು, ಸುತ್ತಲಿದ್ದವರನ್ನು ಒಮ್ಮೆ ನೋಡಿ, ‘ಕಲಿತ ಹುಡುಗ್ಯಾರಿಗೆ ಗೊತ್ತಿರ್ತೈತಿ ನೋಡ್ರಿ’ ಎಂದರು. ಲಿಂಬೆಹೋಳು ಯಾರದೋ ಅನ್ನಕ್ಕೆ ಹೋಯಿತು.

ಮರಳುವಾಗ ಟೆಂಪೋದಲ್ಲಿ ಅವ್ವ ಬಹಳ ಹೊತ್ತು ಹೊರಗೆ ಹತ್ತಿಯ ಹೊಲ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, ‘ಖರೇ ಮುತ್ತು ಹುಳ್ಯಾಗ ಹಾಳಾಗ್ತೈತಿ, ಹೌದಲ್ಲೋ?’ ಎಂದಳು.

ನಾನು ಚೀಲದಲ್ಲಿ ಏನೋ ಹುಡುಕತೊಡಗಿದೆ.

‘ನಿಮ್ಮತ್ತಿ ನತ್ತು ಬಿಚ್ಚಾಕ ಹೋದಾಗ ನಿನ್ನ ಮಾರಿ ನೋಡಿದ್ನಿ. ಅಲ್ಲಬೇ, ಅಷ್ಟ್ ರೊಕ್ಕಕ್ಕ ಖರೇ ಮುತ್ತು ಕೊಡಾಕ ಅವರೇನು ನಮ್ಮ ಬೀಗರೇನು? ನನಗ ಮೊದಲ ಗೊತ್ತಿತ್ತು.’ ಸರದ ಪದಕವನ್ನು ಬೆರಳಿನಿಂದ ಸರಿಯಾಗಿ ನಡುವಿಗೆ ತಂದುಕೊಂಡಳು. ‘ಆದ್ರ ಚಂದ ಮಾತಾಡಿದಿ. ಆ ಟಿವಿ ಹುಡುಗಿಗಿಂತ ಚಂದ. ಗಂಟಿ ಒಂದ ಕಡಿಮಿ ಆತು.’

ಈಗಲೂ ಕಾಲೇಜಿನಿಂದ ಬರುವ ಹೊತ್ತಿಗೆ ಹರಾಜು ನಡೆಯುತ್ತಿರುತ್ತದೆ. ನಾನು ಚಹಾ ಹಿಡಿದು ಬಾಗಿಲಲ್ಲಿ ನಿಲ್ಲುತ್ತೇನೆ, ಆದರೆ ಆ ಹುಡುಗಿಯ ಮಾತನ್ನು ತಿದ್ದಲು ಹೋಗುವುದಿಲ್ಲ. ಇದೊಂದೇ ಉಳಿದಿದೆ ಎಂದು ಅವಳು ಗಂಟೆ ಬಾರಿಸುವಾಗ ಚಾಚಿ ನಿಟ್ಟುಸಿರು ಬಿಡುತ್ತಾಳೆ, ಅವ್ವ ಓರೆಗಣ್ಣಿನಿಂದ ನನ್ನ ಕಡೆ ನೋಡುತ್ತಾಳೆ. ನಾನು ಚಹಾ ಹೀರುತ್ತ ಸುಮ್ಮನಿರುತ್ತೇನೆ. ಒಂದೇ ಕಸುಬಿನವರ ಬಗ್ಗೆ ಆಡಿಕೊಳ್ಳಬಾರದು.