ಶಾಹೀನಾ ಹೊದ್ದ ನನ್ನ ಟವೆಲ್ಲು

ಈಗ ನಾನು ಹೇಳುವುದನ್ನು ನಂಬದೆ ಇರಿ, ನೋಡೋಣ. ನಿಮ್ಮ ಕೈಲಿ ಆಗುವುದಿಲ್ಲ. ಪಾಂಡವಪುರದ ಸುತ್ತಮುತ್ತ ಯಾವ ಬೀಗರೂಟದಲ್ಲಿ ಕೇಳಿದರೂ, ಜನರನ್ನು ನಗಿಸಲು ನನ್ನಂಥವನು ಇನ್ನೊಬ್ಬ ಹುಟ್ಟಿಲ್ಲ ಎಂದೇ ಹೇಳುತ್ತಾರೆ. ಮದುವೆ ಮುಗಿದು ಎರಡೂ ಕಡೆಯವರು ಬಾಡೂಟ ಮಾಡಿ ಎಲೆ ಮುಂದೆ ತೂಕಡಿಸುವ ಹೊತ್ತಿಗೆ ನಾನು ಎದ್ದು ನಿಲ್ಲುತ್ತಿದ್ದೆ. ಮೇಲುಕೋಟೆ ಅಯ್ಯಂಗಾರರಂತೆ ಪುಳಿಯೋಗರೆ ಹೊಗಳುತ್ತಿದ್ದೆ, ನಾಗಮಂಗಲದವರಂತೆ ಬಸ್ಸಿನ ಸೀಟಿಗೆ ಜಗಳ ತೆಗೆಯುತ್ತಿದ್ದೆ, ಕೊನೆಗೆ ತಲೆಯ ಮೇಲೆ ಟವೆಲ್ಲು ಹೊದ್ದು ಗಂಜಾಂನ ಸಾಬರ ಹೆಂಗಸಾಗಿ ಬಳೆ ಚೌಕಾಸಿ ಮಾಡುತ್ತಿದ್ದೆ. ಸುತ್ತಲಿನ ಎಲ್ಲ ಜಾತಿಮತಗಳೂ ನನ್ನೊಬ್ಬನ ಹೊಟ್ಟೆಯಲ್ಲೇ ವಾಸವಾಗಿದ್ದವು.

ಇಂಥ ನನ್ನ ಮನೆ ಬಾಗಿಲಿಗೆ ಒಂದು ದಿನ ಶಾಹೀನಾ ಬಂದಳು. ಬೀಗರೂಟಗಳಿಗೆ ಕುರಿ ಕುಯ್ದುಕೊಡುತ್ತಿದ್ದ ಗಂಜಾಂನ ರಫೀಕಣ್ಣನ ಮಗಳು. ಮುಸ್ಲಿಂ ಸ್ನೇಹಿತರೂ ಉಣ್ಣಲಿ ಎಂದು ಆ ಕೆಲಸಕ್ಕೆ ಅವನನ್ನೇ ಕರೆಯುವುದು ನಮ್ಮಲ್ಲಿ ವಾಡಿಕೆ. ಮಗಳು ಈಗ ಒಬ್ಬಳೇ ಮೈಕು ಹಿಡಿದು ಸ್ಟಾಂಡಪ್ ಕಾಮಿಡಿ ಮಾಡುತ್ತಾಳೆ.

"ತಾತ, ಪಟ್ಣದ ಛತ್ರದಲ್ಲಿ ನನ್ ಕಾಮಿಡಿ ರೆಕಾರ್ಡಿಂಗು ಅದೆ. ಕ್ಯಾಮೆರಾದವ್ರು ಅದೊಂದೇ ದಿನ ಬರೋದು. ಜನ ನಗ್ಲಿಲ್ಲ ಅಂದ್ರೆ ನನ್ ಕತೆ ಮುಗೀತು. ನೀವು ಮುಂದ್ಗಡೆನೇ ಕೂತ್ಕಬೇಕು."

"ಗುರುಗೋಳು ಅಂತ ನನ್ ಎಸ್ರು ಏಳ್ತೀಯೇನವ್ವ?"

"ನಿಮ್ ಇಸ್ಯ ಏಳ್ದೆ ಬುಡ್ತೀನಾ," ಎಂದು ನಕ್ಕಳು. ಆ ನಗು ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು.

ರೇಷ್ಮೆ ಶರ್ಟು ತೊಟ್ಟು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊಗಳಿಕೆಗೆ ಕಾಯುತ್ತಾ ಕೂತೆ. ಶಾಹೀನಾ ಶುರು ಮಾಡಿದಳು.

"ಚಿಕ್ಕೋಳಿದ್ದಾಗ ಅಪ್ಪನ ಜೊತೆ ಬೀಗರೂಟಕ್ಕೆ ಓಯ್ತಿದ್ದೆ. ಅಗೋ, ಅಲ್ ಕೂತವ್ರಲ್ಲ ಆ ತಾತ, ಅವ್ರು ಟವಲ್ ಒದ್ಕಂಡು ಕುಣಿಯೋರು. ಎಲ್ರೂ ನಗೋರು. ನಾನೂ ನಗ್ತಿದ್ದೆ. ಅದು ನಮ್ಮಮ್ಮ ಅಂತ ಆಮೇಲ್ ಯಾರೋ ಏಳುದ್ರು. ಮನೆಗೋಗಿ ಅಮ್ಮನ್ನ ನೋಡುದ್ರೆ, ಮೀಸೆನೇ ಇಲ್ಲ."

ಆಮೇಲೆ ದುಪಟ್ಟವನ್ನು ನನ್ನ ಟವೆಲ್ಲಿನಂತೆ ಹೊದ್ದು, ಹೊಟ್ಟೆ ಮುಂದೆ ಮಾಡಿ, ಇಲ್ಲದ ಮೀಸೆ ತಿರುವಿ, ಸಾಬರ ಹೆಂಗಸಾಗಲು ಹೊರಟ ಗೌಡನಾದಳು. ನನ್ನ ಕೆಮ್ಮು, ನನ್ನ ಮಂಡಿನೋವು, ನನ್ನ ತಮಾಷೆಗೆ ನಾನೇ ಮೊದಲು ನಕ್ಕು ಜನರತ್ತ ಕಣ್ಣು ಹಾಯಿಸುವ ಚಪಲ, ಒಂದನ್ನೂ ಬಿಡಲಿಲ್ಲ. ನನ್ನ ಹೆಂಡತಿಗೂ ನಾನು ಇಷ್ಟು ಚೆನ್ನಾಗಿ ಗೊತ್ತಿಲ್ಲ. ಎಂಥ ಹುಡುಗಿ ಅಂತೀರಿ. ಇಷ್ಟು ವರ್ಷ ನಾನು ಎಲ್ಲರನ್ನೂ ವೇದಿಕೆಗೆ ತಂದಿದ್ದೆ. ಯಾರನ್ನೂ ಕರೆದಿರಲಿಲ್ಲ, ಅಷ್ಟೆ.

ಆದರೆ ಛತ್ರದಲ್ಲಿ ಉಸಿರಿಲ್ಲ. ಬೀಗರೂಟದಲ್ಲಿ ಒಂದು ಮರ್ಯಾದೆ ಇದೆ. ಯಾರನ್ನು ಗೇಲಿ ಮಾಡಿದರೋ ಅವರು ಮೊದಲು ನಗಬೇಕು. ಅಲ್ಲಿಯವರೆಗೆ ಮಿಕ್ಕವರು ಎಲೆ ನೋಡುತ್ತಾ ಕೂರಬೇಕು, ಇಲ್ಲದಿದ್ದರೆ ನೆಂಟಸ್ತನ ಕೆಡುತ್ತದೆ. ಇಲ್ಲಿ ಎಲೆ ಇಲ್ಲದ್ದರಿಂದ ಜನ ತಂತಮ್ಮ ಮಂಡಿ ನೋಡುತ್ತಾ, ಓರೆಗಣ್ಣಲ್ಲಿ ನನ್ನನ್ನು ನೋಡುತ್ತಾ ಕೂತರು. ಶಾಹೀನಾಳ ಹಣೆಯ ಮೇಲೆ ಬೆವರು.

ಹಿಂದಿನ ಸಾಲಿನಿಂದ ಬೂಕನಕೆರೆಯ ಗೆಳೆಯ ಸಿದ್ದೇಗೌಡ ಬಗ್ಗಿ, "ನಗ್ಲಾ ಅತ್ಲಾಗೆ, ಹೆಣ್ಮಗ ಬೆವ್ತೋಯ್ತಾ ಅದೆ," ಎಂದ.

ನಾನು ನಕ್ಕೆ. ದೊಡ್ಡ ಮನಸ್ಸು ಮಾಡಿ, ಛತ್ರದ ಫ್ಯಾನುಗಳು ಅದುರುವಂತೆ ನಕ್ಕೆ. ನನ್ನ ಹಿಂದೆ ಪಟ್ಣ ನಕ್ಕಿತು, ಗಂಜಾಂ ನಕ್ಕಿತು, ಮೇಲುಕೋಟೆಯ ಅಯ್ಯಂಗಾರರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರ ಸರದಿ ಮುಂದಿದೆ ಎಂದು ಅವರಿಗೇನು ಗೊತ್ತು. ಅಲ್ಲಿಂದಾಚೆಗೆ ಶಾಹೀನಾಳನ್ನು ಹಿಡಿಯುವವರಿರಲಿಲ್ಲ. ಆ ರೆಕಾರ್ಡಿಂಗನ್ನು ಈಗ ಕೆ.ಆರ್. ಪೇಟೆ ಬಸ್ಸಿನಲ್ಲೂ ಜನ ಮೊಬೈಲಿನಲ್ಲಿ ನೋಡಿ ನಗುತ್ತಾರೆ.

ಇಷ್ಟು ಹೇಳಿದ್ದರಲ್ಲಿ ಒಂದೇ ಒಂದು ಮಾತು ನಾನು ಹೊಸೆದದ್ದು. ನಾನು ನಗಲಿಲ್ಲ. ನಕ್ಕವಳು ನನ್ನ ಹೆಂಡತಿ. ಮದುವೆಯಾದಾಗಿನಿಂದ ನನ್ನ ಒಂದು ತಮಾಷೆಗೂ ಹಲ್ಲು ಬಿಡದವಳು, ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೆಯಲಾರದೆ ನನ್ನ ತೊಡೆಗೆ ರಪ್ಪನೆ ಬಾರಿಸಿದಳು. ನಾನು ಕೂಗಿದ್ದು ಆ ಏಟಿಗೆ. ಛತ್ರದವರು ಅದನ್ನೇ ನಗು ಅಂದುಕೊಂಡರು.