ಬೇರೆಯವರು ಹಾರಿದ ಗಂಟೆಗಳು

ವಿಮಾನ ಹಾರಿಸುವವರ ದಾಖಲೆ ಬರೆಯುವವನಿಗೆ ನೆಲದ ಮೇಲೇ ಇಷ್ಟೊಂದು ಫಜೀತಿ ಆಗುತ್ತದೆಂದು ಕೆಲಸಕ್ಕೆ ಸೇರುವಾಗ ಯಾರೂ ಹೇಳಿರಲಿಲ್ಲ. ನಂಜನಗೂಡಿನಿಂದ ದಿನಾ ಓಡಾಡಿಕೊಂಡು, ಮೈಸೂರಿನ ಕಡೆಯ ಒಂದು ತರಬೇತಿ ಶಾಲೆಯಲ್ಲಿ ಗುಮಾಸ್ತನಾಗಿದ್ದೇನೆ. ಮೊದಲ ಲೈಸೆನ್ಸ್ ಮುಗಿಸಿ ಎರಡು ಎಂಜಿನ್ನಿನ ವಿಮಾನ, ಮೋಡದೊಳಗಿನ ಹಾರಾಟ ಅಂತ ಹೆಚ್ಚಿನ ಅರ್ಹತೆಗೆ ಬರುವವರು ಯಾವಾಗ ಏರಿದರು, ಯಾವಾಗ ಇಳಿದರು, ಎಲ್ಲ ನನ್ನ ಕೈಬರಹದಲ್ಲೇ ಇದೆ. ನಾನು ಮಾತ್ರ ಒಂದು ಸಲವೂ ಹಾರಿರಲಿಲ್ಲ. ಹದಿನೆಂಟು ವರ್ಷದಿಂದ ಅದೊಂದೇ ಆಸೆ.

೧. ಸೋಸಲೆಯ ಜಗಲಿ

ಹೆಂಡತಿಯ ತವರು ಸೋಸಲೆ. ಅಲ್ಲಿ ಮಾವ ಜಗಲಿಯಲ್ಲಿದ್ದ ನೆರೆಮನೆಯ ಅಜ್ಜನಿಗೆ, "ನಮ್ಮಳಿಯಂದ್ರು ಇಮಾನದ ಆಪೀಸ್ನಲ್ಲವ್ರೆ" ಎಂದು ಬೀಗಿದರು.

"ಎಷ್ಟು ಕಿತ ಆರಿದ್ದೀರಿ ಸಾ?" ಎಂದ ಅಜ್ಜ.

"ಇನ್ನೂ ಇಲ್ಲ ತಾತ. ನಂದು ಬರೆಯೋ ಕೆಲಸ."

"ಅಂಗಾದ್ರೆ ನೀವೂ ನಮ್ಮಂಗೇ ಕತ್ತೆತ್ತಿ ನೋಡೋರೇ ಬುಡಿ. ಬನ್ನಿ, ಕುಂತ್ಕಳಿ" ಎಂದು ಸರಿದು ಜಾಗ ಕೊಟ್ಟ.

೨. ಸಂಡಿಗೆಯ ಸಾಕ್ಷಿ

ಒಬ್ಬ ವಿದ್ಯಾರ್ಥಿ, ಹಿಂದಿನ ದಿನ ನಂಜನಗೂಡಿನ ಮೇಲೆ ನಲವತ್ತು ನಿಮಿಷ ಮೋಡದೊಳಗೆ ಹಾರಿದೆ ಎಂದು ಬರೆದುಕೊಂಡು ಬಂದ.

"ನಿನ್ನೆ ನಮ್ಮ ಮಹಡಿ ಮೇಲೆ ಹಾಕಿದ ಸಂಡಿಗೆ ಸಂಜೆಯೊಳಗೆ ಗರಿಗರಿಯಾಗಿದೆ ಕಣಪ್ಪ" ಎಂದೆ. ಹುಡುಗ ಆ ಸಾಲು ಹೊಡೆದುಹಾಕಿದ.

ಅಂದಿನಿಂದ ನಮ್ಮ ಮುಖ್ಯ ಶಿಕ್ಷಕರು ಮೋಡದ ಗಂಟೆಗಳಿಗೆ ಸಹಿ ಹಾಕುವ ಮೊದಲು ನನ್ನ ಕಡೆ ತಿರುಗುತ್ತಾರೆ: "ಮನೇಲಿ ಸಂಡಿಗೆ ಒಣಗಿದೆಯೇನ್ರೀ?"

೩. ನನ್ನ ಸರದಿ

ಮೊನ್ನೆ ಮುಖ್ಯ ಶಿಕ್ಷಕರೇ, "ನಾಳೆ ನಂಜನಗೂಡಿನ ಕಡೆ ಹಾರಾಟ, ಹಿಂದಿನ ಸೀಟು ಖಾಲಿ. ಪರ್ಮಿಷನ್ ತಗೊಂಡಿದ್ದೀನಿ, ಬನ್ರೀ" ಎಂದರು. ನನಗೆ ಕಣ್ಣು ತುಂಬಿ ಬಂತು. ಹೆಂಡತಿ, "ಸಂಡಿಗೆ ಹಾಕೋ ಬಿಳಿ ಪಂಚೆ ಮಹಡಿ ಮೇಲಿಂದ ಬೀಸ್ತೀನಿ, ನೋಡಬೇಕು ಕಣ್ರೀ" ಎಂದಳು.

ಬೆಳಿಗ್ಗೆ ಏರಿದೆವು. ಹಾರಿಸುತ್ತಿದ್ದ ಹುಡುಗಿಯ ಕಣ್ಣಿಗೆ ಮರೆ ಕಟ್ಟಿದ್ದರು. ಹೊರಗೆ ನೋಡದೆ ಎದುರಿನ ಮೀಟರುಗಳ ಮುಳ್ಳುಗಳನ್ನಷ್ಟೇ ನಂಬಿ ಹಾರಿಸುವ ಪಾಠ ಅದು. ಶಿಕ್ಷಕರು ಅಭ್ಯಾಸಬಲದಿಂದ, "ಟೈಮ್ ಬರ್ಕೊಳ್ರೀ" ಎಂದರು. ನಾನೂ ಅಭ್ಯಾಸಬಲದಿಂದ ಚೀಟಿ, ಪೆನ್ನು ತೆಗೆದೆ. ಏರಿದ್ದು, ತಿರುಗಿದ್ದು, ಎತ್ತರ ಬದಲಿಸಿದ್ದು, ಊರು ದಾಟಿದ್ದು, ಅವರು ಹೇಳಿದ್ದರಲ್ಲಿ ಒಂದನ್ನೂ ಬಿಡದೆ ಬರೆದೆ. ತಲೆ ಎತ್ತಿದಾಗ ಚಕ್ರ ನೆಲ ಮುಟ್ಟಿತ್ತು. ಕಪಿಲಾ ಹೊಳೆಯನ್ನು ನೋಡಲಿಲ್ಲ, ನಮ್ಮ ಬೀದಿಯನ್ನು ನೋಡಲಿಲ್ಲ. ಬಿಳಿ ಪಂಚೆಯನ್ನೂ ನೋಡಲಿಲ್ಲ.

ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. "ನೋಡಿದ್ರಾ? ತೋಳು ಬಿದ್ದೋಗೋ ಹಂಗೆ ಬೀಸಿದೆ!"

"ಹನ್ನೊಂದು ಹದಿನೇಳಕ್ಕೆ ನಂಜನಗೂಡು ದಾಟಿದ್ವಿ" ಎಂದು ಚೀಟಿ ಮುಂದೆ ಹಿಡಿದು, ನಡೆದದ್ದನ್ನೆಲ್ಲ ಹೇಳಿದೆ.

ಅವಳು ಚೀಟಿ ನೋಡಿದಳು, ನನ್ನನ್ನು ನೋಡಿದಳು.

"ಆ ಹುಡುಗಿಗೆ ಅವರು ಮರೆ ಕಟ್ಟಿದ್ರು ಸರಿ. ನಿಮಗೆ ಯಾರ್ ಕಟ್ಟಿದ್ರು?"